ನಾಲ್ಕು ಸೋಮವಾರಗಳ ಎಣಿಕೆ

ನಿಮ್ಮ ಮನೆಯ ಮುಂದಿನ ಹಾದಿಯಲ್ಲಿ ದಿನಕ್ಕೆ ಎಷ್ಟು ಗಾಡಿಗಳು ಓಡಾಡುತ್ತವೆ ಎಂದು ಸರಕಾರದವರು ಬಂದು ಕೇಳಿದರೆ, ನೀವು ಯಾವ ದಿನದ ಲೆಕ್ಕವನ್ನು ಅವರ ಮುಂದೆ ಇಡುತ್ತೀರಿ? ಸಂತೆಯ ದಿನದ್ದೇ, ಅಮಾವಾಸ್ಯೆಯದೇ, ಕಬ್ಬಿನ ಹಂಗಾಮಿನದೇ, ಇಲ್ಲವೇ ನಿಮಗೆ ಬಿಡುವಿದ್ದ ದಿನದ್ದೇ? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಕೊಡುವಲ್ಲಿ ನಾನು ಒಮ್ಮೆ ಎಡವಿದೆ. ಎಡವಿದೆ ಎಂಬ ಮಾತೂ ನನ್ನ ಬಗ್ಗೆ ನಾನೇ ತೋರಿಸುವ ದಾಕ್ಷಿಣ್ಯ. ಮುಂದಿನದನ್ನು ಓದಿ ನೀವೇ ಅದಕ್ಕೊಂದು ಸರಿಯಾದ ಹೆಸರು ಕೊಡಿ.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯ ಒಂದು ಊರಿನ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದೆ. ಊರಿನ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ತಪ್ಪು ನನ್ನದು, ಅದರ ಭಾರ ಒಂದು ಊರಿನ ಮೇಲೆ ಬೀಳಬಾರದು. ಅಥಣಿಯ ಶಾಲಾ ಮಾಸ್ತರರೊಬ್ಬರ ಮಗಳಾಗಿ ಬೆಳೆದ ನನಗೆ ಹೊಲವಿರಲಿಲ್ಲ, ಕೊಟ್ಟಿಗೆಯಿರಲಿಲ್ಲ. ಇದ್ದದ್ದು ಮಾತು ಮಾತ್ರ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯವನ್ನು ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಂಡಿಸಿ ಎರಡರಲ್ಲೂ ಗೆದ್ದವಳು ನಾನು. ಎದುರಾಳಿಗೆ ಪೂರ್ತಿ ವಾಕ್ಯ ಹೇಳಲು ಬಿಡದೆ ಹೌದು, ಇಲ್ಲ ಎಂಬ ಎರಡೇ ಮಾತಿಗೆ ಕಟ್ಟಿಹಾಕುವ ವಿದ್ಯೆ ನನಗೆ ಚೆನ್ನಾಗಿ ತಿಳಿದಿತ್ತು. ಗೆದ್ದ ಹಿತ್ತಾಳೆಯ ಪಾರಿತೋಷಕಗಳು ಅಪ್ಪನ ಮನೆಯ ಗೋಡೆಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಈ ವಿದ್ಯೆಯಿಂದ ಲೋಕಕ್ಕೆ ಒಂದಿಷ್ಟು ಒಳ್ಳೆಯದಾಗಬೇಕೆಂದು ನಾನು ಪ್ರಾಮಾಣಿಕವಾಗಿ ಬಯಸುತ್ತಿದ್ದೆ.

ಒಳ್ಳೆಯದು ಮಾಡಲು ಕಾರಣವೂ ಎದುರಿಗೇ ಇತ್ತು. ಆ ಭಾಗದ ಹೆಣ್ಣುಮಕ್ಕಳು ಹತ್ತನೆಯ ಇಯತ್ತೆ ಮುಗಿಸಿದರೆಂದರೆ ಮುಂದಿನ ಬೇಸಿಗೆಯಲ್ಲಿ ಮದುವೆ, ಇಲ್ಲವಾದರೆ ಮಡಿಲಲ್ಲಿ ಬೀಡಿಯ ಮೊರ. ಅವರಿಗಾಗಿ ನಮ್ಮ ಕಾಲೇಜು ವಿಜ್ಞಾನದ ಪ್ರತ್ಯೇಕ ವಿಭಾಗವನ್ನೂ ಅದಕ್ಕೊಂದು ಹೊಸ ಕಟ್ಟಡವನ್ನೂ ಯೋಚಿಸಿತ್ತು. ನಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದವು ಡಾಂಬರು ರಸ್ತೆಯ ಕಡೆಗಿದ್ದ ಎರಡು ಕೋಣೆಗಳು. ಒಂದು ಪ್ರಯೋಗಶಾಲೆ. ಇನ್ನೊಂದು ಹುಡುಗಿಯರು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂಡಲು, ಮೈ ಸರಿಯಿಲ್ಲದ ದಿನ ತುಸು ಒರಗಲು, ಪಕ್ಕದಲ್ಲೇ ಪಾಯಖಾನೆಯಿರುವ ವಿಶ್ರಾಂತಿಯ ಕೋಣೆ. ಅಂಥ ಒಂದು ಕೋಣೆಯಿಲ್ಲದೆ ದಿನವಿಡೀ ನೀರು ಕುಡಿಯದೆ ಓದಿದವಳು ನಾನು. ಅದರ ಬೆಲೆ ನನಗೆ ಗೊತ್ತಿತ್ತು.

ತೊಡಕು ಇದ್ದದ್ದು ಬಾಗಿಲಿನ ವಿಷಯದಲ್ಲಿ. ಕಾಲೇಜಿನ ಜಾಗ ಮೊದಲು ಹೊಲವಾಗಿತ್ತು. ಅದನ್ನು ಶಿಕ್ಷಣದ ಉಪಯೋಗಕ್ಕೆ ಪರಿವರ್ತಿಸಿದ ಆದೇಶದಲ್ಲಿ ಒಂದು ಷರತ್ತಿತ್ತು. ಕಾಲೇಜಿನ ಬಾಗಿಲು ಹಿಂದಿನ ಪಾಣಂದಕ್ಕೆ, ಅಂದರೆ ಹೊಲಗಳ ನಡುವೆ ಎತ್ತಿನ ಚಕ್ಕಡಿಗಳಿಗಾಗಿ ಬಿಟ್ಟ ಹಾದಿಗೆ, ತೆರೆದುಕೊಂಡಿತ್ತು. ಎರಡೂ ಬದಿಗೆ ಕಳ್ಳಿಯ ಬೇಲಿ. ಎದುರು ಬದುರು ಎರಡು ಚಕ್ಕಡಿ ಬಂದರೆ ಒಂದು ಬದಿಗೆ ಸರಿದು ನಿಲ್ಲಬೇಕು. ಆದ್ದರಿಂದ ಆ ಹಾದಿಯಲ್ಲಿ ಈಗಿರುವ ಓಡಾಟವೂ ಕಾಲೇಜಿನಿಂದ ಹೊಸದಾಗಿ ಹುಟ್ಟುವ ಓಡಾಟವೂ ಸೇರಿ ಗೊತ್ತುಮಾಡಿದ ಮಿತಿಯನ್ನು ದಾಟಬಾರದು, ದಾಟುವುದಾದರೆ ಕಾಲೇಜು ಡಾಂಬರು ರಸ್ತೆಗೆ ಬಾಗಿಲು ತೆಗೆಯಬೇಕು ಎಂಬುದು ಆ ಷರತ್ತು. ಡಾಂಬರು ರಸ್ತೆಗೆ ಬಾಗಿಲು ತೆಗೆದರೆ ನಕ್ಷೆಯಿಂದ ಹೋಗುವುದು ಅವೇ ಎರಡು ಕೋಣೆಗಳು.

ಓಡಾಟವನ್ನು ಎಣಿಸಿ ಅಂದಾಜು ಬರೆದುಕೊಡುವ ಕೆಲಸವನ್ನು ಪ್ರಾಚಾರ್ಯರು ನನಗೆ ಒಪ್ಪಿಸಿದರು. ಯೋಜನಾ ಕಚೇರಿಯ ಅಧಿಕಾರಿ ಕರಾವಳಿಯ ಕಡೆಯಿಂದ ವರ್ಗವಾಗಿ ಬಂದವರು, ಮೆಲುಮಾತಿನ ಶಿಸ್ತಿನ ಮನುಷ್ಯ. ಅವರು ಕೊಟ್ಟ ಅಚ್ಚಿನ ನಮೂನೆಯಲ್ಲಿ ತಾರೀಖು, ಗಂಟೆ, ಸೈಕಲ್ಲು, ಮೋಟಾರುಸೈಕಲ್ಲು, ಜೀಪು, ಟ್ರ್ಯಾಕ್ಟರು, ಚಕ್ಕಡಿ ಎಂದು ಅಂಕಣಗಳು, ನಮ್ಮ ಕಡೆಯ ಮಾತಿನಲ್ಲಿ ಕಲಮುಗಳು, ಇದ್ದವು. ಚಕ್ಕಡಿ ನಿಧಾನವಾಗಿ ಚಲಿಸಿ ಹಾದಿಯನ್ನೆಲ್ಲ ಹಿಡಿಯುತ್ತದಾದ್ದರಿಂದ ಒಂದು ಚಕ್ಕಡಿಯನ್ನು ಹಲವು ಮೋಟಾರುಗಾಡಿಗಳಿಗೆ ಸಮನೆಂದು ಹಿಡಿಯಬೇಕು ಎಂಬ ಸೂಚನೆ ಕೆಳಗೆ ಸಣ್ಣಕ್ಷರದಲ್ಲಿತ್ತು.

"ಸಾಮಾನ್ಯ ದಿನಗಳಾಗಿರಬೇಕು ಮೇಡಂ. ಹಬ್ಬ, ಸಂತೆ ಬೇಡ. ನಾಲ್ಕು ದಿನ ಸಾಕು," ಎಂದರು ಅಧಿಕಾರಿ.

ವೇಳಾಪಟ್ಟಿಯಲ್ಲಿ ನನಗೆ ಸೋಮವಾರ ಒಂದೇ ತರಗತಿ. ಆದ್ದರಿಂದ ಸೋಮವಾರಗಳನ್ನು ಆರಿಸಿಕೊಂಡೆ. ಅದು ಶ್ರಾವಣ ಮಾಸ.

ಮೊದಲ ಸೋಮವಾರ ಬೆಳಿಗ್ಗೆ ಬಾಗಿಲ ಬಳಿಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ಕುಳಿತೆ. ಕಾಲೇಜಿನ ಸಿಪಾಯಿ, ಎಂದರೆ ಜವಾನರು, ಅಕ್ಕೋಳ ಎಂಬ ಊರಿನವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಬಾಗಿಲಲ್ಲಿ ಅತ್ತಿತ್ತ ಓಡಾಡುತ್ತಲೇ ನನ್ನನ್ನು ಕಾಡುತ್ತಿದ್ದರು.

"ಎಣಿಕ್ಯಾಗ ನನ್ನ ಹಿಡೀಬ್ಯಾಡ್ರಿ ಅಕ್ಕಾರ, ಹೋದದ್ದೊಮ್ಮೆ ಬಂದದ್ದೊಮ್ಮೆ ಎರಡ ಆಗ್ತೀನಿ."

"ನಡಕೊಂಡ ಹೋಗೂರಿಗೆ ಕಲಮ ಇಲ್ರೀ."

"ಹಂಗಾರ ಬಡವ್ರು ಯಾರೂ ಈ ಹಾದ್ಯಾಗ ಹಾಯ್ದಂಗ ಆಗಲಿಲ್ಲ ಬಿಡ್ರಿ."

ಸೈಕಲ್ಲುಗಳು ಹೋದವು. ಒಂದೆರಡು ಲೂನಾ, ಹಾಲಿನ ಕ್ಯಾನು ಕಟ್ಟಿದ ಒಂದು ರಾಜದೂತ. ಚಕ್ಕಡಿಯ ಕಲಮು ಖಾಲಿಯಾಗಿಯೇ ಉಳಿಯಿತು. ಹತ್ತು ಗಂಟೆಯ ಹೊತ್ತಿಗೆ ಪಾಣಂದದ ತುದಿಯಿಂದ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಎರಡು ಬಿಳಿಯ ಖಿಲಾರಿ ಎತ್ತುಗಳನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದಳು. ಎತ್ತುಗಳು ಆಗ ತಾನೇ ಮೈ ತೊಳೆಸಿಕೊಂಡು ಫಳಫಳಿಸುತ್ತಿದ್ದವು, ಹಣೆಯ ಮೇಲೆ ವಿಭೂತಿಯ ಗೆರೆಗಳಿದ್ದವು. ಬೇಲಿಯ ಬುಡದ ಹುಲ್ಲಿಗೆ ಅವನ್ನು ಬಿಟ್ಟು ಅವಳು ನನ್ನ ಹತ್ತಿರ ಬಂದು ನಿಂತಳು.

"ಏನ್ರಿ ಅಕ್ಕಾರ, ಬೆಳಿಗ್ಗಿಂದ ಹಾದಿ ನೋಡಾಕತ್ತೀರಿ, ಯಾರರೆ ಬರೂರ ಅದಾರೇನು?"

"ಇಲ್ರಿ ಕಾಕೂ, ಗಾಡಿ ಎಣಸಾಕತ್ತೀನಿ."

"ಎಣಸಿದ್ರ ಹೆಚ್ಚಾಗ್ತಾವೇನು?"

ನಾನು ನಕ್ಕೆ. ಅವಳೂ ನಕ್ಕಳು. ಕಾಲೇಜಿನ ಆಚೆ, ಪಾಣಂದದ ಕೊನೆಗೆ ಅವಳ ಹೊಲ. ಗಂಡ ತೀರಿಕೊಂಡ ಮೇಲೆ ಮೈದುನರಿಗೆ ಹೊಲ ಬಿಡದೆ ತಾನೇ ಬಿತ್ತಿ, ತಾನೇ ಚಕ್ಕಡಿ ಹೂಡಿ, ಕಬ್ಬು ಕಡಿದಾಗ ತಾನೇ ಹೇರಿ ಸಾಗಿಸುವವಳೆಂದು ಸಿಪಾಯಿ ಆಮೇಲೆ ಹೇಳಿದರು. ಊರಲ್ಲಿ ಎಲ್ಲರೂ ಅವಳನ್ನು ಕಾಕೂ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅಂದು ಅವಳು ಹಿತ್ತಾಳೆಯ ತಂಬಿಗೆಯಲ್ಲಿ ಮಜ್ಜಿಗೆ ತಂದಿದ್ದಳು, ನನಗೂ ಕೊಟ್ಟಳು. ಎರಡನೆಯ ಸೋಮವಾರವೂ ಹಾಗೆಯೇ ನಡೆಯಿತು. ಎತ್ತುಗಳು ಹುಲ್ಲು ಮೇಯುತ್ತಿದ್ದವು, ನಾನು ಅವುಗಳ ಎದುರಿಗೇ ಕುಳಿತು ಚಕ್ಕಡಿಯ ಕಲಮಿನಲ್ಲಿ ಸೊನ್ನೆ ಬರೆಯುತ್ತಿದ್ದೆ. ನೊಗ ಹೊರದ ಎತ್ತಿಗೆ ನಮೂನೆಯಲ್ಲಿ ಕಲಮಿರಲಿಲ್ಲ.

ಮೂರನೆಯ ಸೋಮವಾರ ಮಧ್ಯಾಹ್ನ ನಾನು ಉತ್ಸಾಹದಿಂದ ಸಿಪಾಯಿಗೆ ಹಾಳೆ ತೋರಿಸಿದೆ.

"ನೋಡ್ರಿ, ಚಕ್ಕಡಿ ಕಾಲ ಮುಗೀತು. ಮೂರು ದಿನದಾಗ ಒಂದೂ ಇಲ್ಲ."

ಅವರು ಶ್ರಾವಣ ಸೋಮವಾರದ ಉಪವಾಸದಲ್ಲಿದ್ದರು. ಅಂದು ತಂಬಾಕನ್ನೂ ಮುಟ್ಟದವರು. ನನ್ನನ್ನೂ ಹಾಳೆಯನ್ನೂ ನೋಡಿ ಕೆಮ್ಮು ಬರುವವರೆಗೆ ನಕ್ಕರು.

"ಅಕ್ಕಾರ, ಎಷ್ಟ ಕಲತೀರಿ ನೀವು! ಸ್ವಾಮಾರ ಯಾರರೆ ಎತ್ತಿನ ಹೆಗಲಿಗೆ ನೊಗ ಇಡ್ತಾರೇನ್ರಿ? ಅದರಾಗ ಶ್ರಾವಣ ಸ್ವಾಮಾರ. ಏಕಾದಶಿ ದಿನ ಮಂದಿ ಒಲಿ ಮುಟ್ಟಿ ನೋಡಿ, ಈ ಊರಾಗ ಅಡಗಿನ ಮಾಡಂಗಿಲ್ಲ ಅಂತ ಬರದಂಗ ಆತು ನಿಮ್ದು."

ಪೆನ್ಸಿಲು ಕೈಯಲ್ಲೇ ನಿಂತಿತು. ಹೌದಲ್ಲ! ಸೋಮವಾರ ಈಶ್ವರನ ವಾರ, ಎತ್ತು ಅವನ ವಾಹನ. ನಮ್ಮ ಸೀಮೆಯ ರೈತರು ಅಂದು ಎತ್ತನ್ನು ಹೂಡುವುದಿಲ್ಲ, ಮೈ ತೊಳೆದು ಬಿಡುತ್ತಾರೆ. ಅಥಣಿಯಲ್ಲಿ ನಮ್ಮ ಓಣಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು. ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಎತ್ತಿರಲಿಲ್ಲವಾದ್ದರಿಂದ ಅದು ನನ್ನ ವಾರದ ಲೆಕ್ಕದಲ್ಲಿ ಎಂದೂ ಇರಲಿಲ್ಲ. ಕಾಕೂ ಸೋಮವಾರಗಳಲ್ಲಿ ನನ್ನೊಂದಿಗೆ ಮಜ್ಜಿಗೆ ಕುಡಿಯುತ್ತ ಕೂಡಲು ಬಿಡುವಾಗಿದ್ದುದೇ ಆ ಕಾರಣಕ್ಕೆ ಎಂಬುದೂ ಆಗ ಹೊಳೆಯಿತು.

ಮರುದಿನ ಮಂಗಳವಾರ. ನಾನು ಅಧ್ಯಾಪಕರ ಕೋಣೆಯ ಕಿಟಕಿಯಲ್ಲಿ ನಿಂತು ಪಾಣಂದವನ್ನು ನೋಡಿದೆ. ಗೊಬ್ಬರ ಹೇರಿದ ಚಕ್ಕಡಿ, ದನಗಳ ಮೇವಿಗೆ ಜೋಳದ ಕಣಿಕೆ ಹೇರಿದ ಚಕ್ಕಡಿ, ಹೆಂಗಸರನ್ನು ಕೂರಿಸಿಕೊಂಡು ಕಳೆ ತೆಗೆಯಲು ಹೊರಟ ಚಕ್ಕಡಿ. ಕಾಕೂನ ಬಿಳಿಯ ಎತ್ತುಗಳು ಕೊರಳ ಗೆಜ್ಜೆ ಆಡಿಸುತ್ತ ಬಂದವು. ಅವಳು ಚಕ್ಕಡಿಯ ಮುಂಭಾಗದಲ್ಲಿ ನಿಂತು ಹಗ್ಗ ಹಿಡಿದಿದ್ದಳು. ಏಳನೆಯ ಚಕ್ಕಡಿಗೆ ನಾನು ಎಣಿಕೆ ನಿಲ್ಲಿಸಿದೆ, ಕಿಟಕಿಯ ಬಾಗಿಲನ್ನು ಮುಚ್ಚಿದೆ. ಅಂದು ಮಧ್ಯಾಹ್ನ ಪ್ರಾಚಾರ್ಯರ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಕೆಟ್ಟವರಲ್ಲ. ಆ ಕಟ್ಟಡಕ್ಕಾಗಿ ನನ್ನಷ್ಟೇ ಹಂಬಲಿಸಿದವರು. ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

"ನಮೂನೆದಾಗ ವಾರ ಕೇಳ್ಯಾರೇನ್ರಿ ಮೇಡಂ?"

"ಇಲ್ರಿ ಸರ್, ತಾರೀಖು ಕೇಳ್ಯಾರ."

"ಮತ್ತ ತಾರೀಖ ಬರೀರಿ. ಸುಳ್ಳ ಬರೀರಿ ಅಂತ ನಾ ಎಲ್ಲಿ ಅಂದೆ? ನೀವು ಕಂಡದ್ದು ಬರೀರಿ. ಒಂದ ಮಾತ ನೆನಪಿರಲಿ, ಚಕ್ಕಡಿ ಹಿಡದ್ರ ಮಿತಿ ದಾಟತೈತಿ. ಮಿತಿ ದಾಟಿದ್ರ ಆ ಎರಡು ಕ್ವಾಣಿ ಹೋದುವು. ಹೆಣ್ಮಕ್ಕಳಿಗೆ ನೀವ ಹೋಗಿ ಹೇಳ್ರಿ ಆಮ್ಯಾಲೆ."

ಅವರು ನನಗೆ ಆಜ್ಞೆ ಮಾಡಲಿಲ್ಲ. ಮಾಡಿದ್ದರೆ ಪ್ರತಿಭಟಿಸುವ ಧೈರ್ಯ ನನಗಿತ್ತು. ಆಯ್ಕೆಯನ್ನು ನನ್ನ ಕೈಯಲ್ಲಿ ಇಟ್ಟು ಮತ್ತೆ ಕನ್ನಡಕ ಹಾಕಿಕೊಂಡರು. ನಾನು ಯೋಚಿಸಿದೆ: ಒಂದು ಕಡೆ ಕೆಲವು ಚಕ್ಕಡಿಗಳು, ಹೇಗಿದ್ದರೂ ಇಂದಲ್ಲ ನಾಳೆ ಟ್ರ್ಯಾಕ್ಟರಿಗೆ ದಾರಿ ಬಿಡುವಂಥವು. ಇನ್ನೊಂದು ಕಡೆ ವರ್ಷ ವರ್ಷವೂ ಬರುವ ಹುಡುಗಿಯರು. ಈ ವಿಷಯ ಸ್ಪರ್ಧೆಗೆ ಬಂದಿದ್ದರೆ ಯಾವ ಕಡೆಯಿಂದ ಗೆಲ್ಲಬಹುದೆಂದು ನನಗೆ ಸಂಶಯವಿರಲಿಲ್ಲ. ನಾಲ್ಕನೆಯ ಎಣಿಕೆಗೂ ಸೋಮವಾರವೇ ಕುಳಿತೆ. ಈ ಸಲ ತಿಳಿದೇ ಕುಳಿತೆ. ಕಾಕೂ ಮಜ್ಜಿಗೆ ತಂದಳು, ಕುಡಿದೆ.

ಕಾಲೇಜಿನಿಂದ ಮುಂದೆ ಹುಟ್ಟಲಿರುವ ಓಡಾಟವನ್ನು ಅಂದಾಜು ಮಾಡುವ ಕೆಲಸ ಉಳಿದಿತ್ತು. ನನ್ನ ತರಗತಿಯಲ್ಲಿ ಆಗಲೇ ಓದುತ್ತಿದ್ದ ಕೆಲವು ಹುಡುಗಿಯರಿಂದ ಕೈ ಎತ್ತಿಸಿದೆ. ನಡೆದು ಬರುವವರು ಯಾರು, ಬಸ್ಸಿನಿಂದ ಇಳಿದು ಬರುವವರು ಯಾರು, ಅಪ್ಪನೋ ಅಣ್ಣನೋ ಗಾಡಿಯಲ್ಲಿ ಬಿಟ್ಟು ಹೋಗುವವರು ಯಾರು? ಬಹುತೇಕ ಎಲ್ಲರೂ ನಡೆದು ಬರುವವರ ಪೈಕಿ ಕೈ ಎತ್ತಿದರು. ಮನೆಯವರಿಗೆ ತೊಂದರೆ ಕೊಡುವವರೆಂದು ಕಾಣಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಅದನ್ನೂ ನಾನು ಕಂಡದ್ದೆಂದೇ ಬರೆದೆ. ವರದಿ ಅಂದವಾಗಿ ಬಂತು. ಮಿತಿಗಿಂತ ಸಾಕಷ್ಟು ಕೆಳಗೇ ಒಟ್ಟು ಮೊತ್ತ ನಿಂತಿತು.

ಆಕ್ಷೇಪಣೆ ಇದ್ದವರು ಬಂದು ಹೇಳಬೇಕೆಂದು ಕಚೇರಿ ಒಂದು ದಿನ ಗೊತ್ತುಮಾಡಿತು. ಬಂದವಳು ಕಾಕೂ ಒಬ್ಬಳೇ. ಚಪ್ಪಲಿಯನ್ನು ಹೊರಗೆ ಬಿಟ್ಟು, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಕುರ್ಚಿ ತೋರಿಸಿದರೂ ಕೂಡದೆ ನಿಂತೇ ಮಾತಾಡಿದಳು.

"ಕಾಲೇಜ ಬ್ಯಾಡ ಅನ್ನಂಗಿಲ್ರಿ ಸಾಹೇಬ್ರ. ಹೆಣ್ಮಕ್ಕಳು ಕಲೀಲಿ, ಭಾಳ ಚಲೋ. ಬಾಗಲಾ ಅಷ್ಟ ಡಾಂಬರ ರಸ್ತಾದ ಕಡೆ ಮಾಡ್ರಿ ಅಂತೀನಿ. ಈ ಪಾಣಂದ ಬಿಟ್ರ ನನ್ನ ಹೊಲಕ್ಕ ಚಕ್ಕಡಿ ಹೋಗಾಕ ನೆಟ್ಟನ ಹಾದಿ ಇಲ್ಲ. ಹಳ್ಳದ ಕಡಿಂದ ಹೋದ್ರ ಮಳಿಗಾಲದಾಗ ಗಾಲಿ ಹೂತ ಕೂಡ್ತಾವ. ಚಕ್ಕಡಿ ಹೋಗಲಿಲ್ಲಂದ್ರ ನಾ ಹೊಲಾ ಮಾಡೂದ ಆಗೂದಿಲ್ಲ."

ಅಧಿಕಾರಿ ನನ್ನ ವರದಿಯ ಹಾಳೆ ತಿರುವಿದರು. "ಆದರೆ ಇಲ್ಲಿ ಚಕ್ಕಡಿಯೇ ಇಲ್ಲವಲ್ಲ ಅಮ್ಮ. ನಾಲ್ಕು ದಿನವೂ ಸೊನ್ನೆ ಇದೆ."

"ಸೊನ್ನಿ ಹೆಂಗ್ರಿ? ನಾ ದಿನಾ ಹೋಗ್ತೀನಲ್ರಿ."

"ಈ ತಾರೀಖುಗಳಲ್ಲಿ ಹೋಗಿದ್ದೀರಾ?" ಎಂದು ಅವರು ನಾಲ್ಕು ತಾರೀಖುಗಳನ್ನು ಓದಿದರು.

"ತಾರೀಖ ನನಗೇನ ತಿಳೀತೈತ್ರಿ. ವಾರ ಹೇಳ್ರಿ."

ಅಧಿಕಾರಿ ಕ್ಯಾಲೆಂಡರಿಗಾಗಿ ಗೋಡೆಯ ಕಡೆ ನೋಡಿದರು. ಅವರು ಎದ್ದು ಹೋಗಿ ಪುಟ ತಿರುವುವ ಮೊದಲು ನಾನು ಎದ್ದು ನಿಂತೆ. ಆ ಕ್ಷಣದಲ್ಲಿ ನನ್ನನ್ನು ಎಬ್ಬಿಸಿದ್ದು ಹಳೆಯ ಅಭ್ಯಾಸವೇ, ಭಯವೇ ಎಂದು ಇಂದಿಗೂ ನಿಶ್ಚಯಿಸಲಾರೆ.

"ಕಾಕೂ, ನಾ ಎಣಸಾಕ ಕೂತ ದಿನ ನೀವು ನನ್ನ ನೋಡೀರಿಲ್ರಿ?"

"ನೋಡದ ಏನ್ರಿ, ಮಜ್ಜಿಗಿ ಕೊಟ್ಟೀನಿ." ಕೋಣೆಯಲ್ಲಿದ್ದವರು ನಕ್ಕರು.

"ನಾಲ್ಕೂ ದಿನ ನೋಡೀರಿ?"

"ನಾಲ್ಕೂ ದಿನ."

"ಆ ನಾಲ್ಕು ದಿನದಾಗ ಒಂದ ದಿನರೆ ನಿಮ್ಮ ಚಕ್ಕಡಿ ಆ ಹಾದ್ಯಾಗ ಬಂದಿತ್ತೇನ್ರಿ? ಹೌದು, ಇಲ್ಲ, ಅಷ್ಟ ಹೇಳ್ರಿ."

ಅವಳು ನನ್ನ ಮುಖ ನೋಡಿದಳು. "ಇಲ್ರಿ. ಆದ್ರ ಅವತ್ತ..."

"ಬ್ಯಾರೆ ಯಾರದರೆ ಬಂದಿತ್ತೇನ್ರಿ?"

"ಯಾರದೂ ಇಲ್ರಿ. ಹೆಂಗ ಬರತೈತ್ರಿ, ಅವತ್ತ..."

"ಇಷ್ಟ ಸಾಕ್ರಿ ಸರ್," ಎಂದು ನಾನು ಅಧಿಕಾರಿಗೆ ಹೇಳಿ ಕುಳಿತುಬಿಟ್ಟೆ. ಅವರು ಆಕ್ಷೇಪಣೆದಾರರೇ ಒಪ್ಪಿಕೊಂಡಿರುವುದಾಗಿ ಬರೆದುಕೊಂಡರು. ಊಟದ ಹೊತ್ತಾಗಿತ್ತು, ಎದ್ದು ಒಳಕೋಣೆಗೆ ಹೋದರು. ಪ್ರಾಚಾರ್ಯರು ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮ ಮಾತಿನ ಮುಂದ ಯಾರ ನಿಲ್ತಾರ್ರಿ ಮೇಡಂ," ಎಂದರು.

ಹೊರಗೆ ಕಾಕೂ ಚಪ್ಪಲಿ ಮೆಟ್ಟುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಏನನ್ನೋ ನೆನಪು ಮಾಡಿಕೊಡುವವಳಂತೆ ಹೇಳಿದಳು:

"ಅಕ್ಕಾರ, ಅವು ನಾಲ್ಕೂ ಸ್ವಾಮಾರ ಇದ್ದುವಲ್ರಿ. ಸ್ವಾಮಾರ ಯಾರ ಹೂಡ್ತಾರ? ಅದನ್ನ ಹೇಳಾಕ ಹೊಂಟಿದ್ದೆ. ನಿಮಗ ನೆನಪಾಗಲಿಲ್ಲೇನ್ರಿ?"

"ಇಲ್ರಿ ಕಾಕೂ. ನೆನಪಾಗಲಿಲ್ಲ."

"ಹೋಗ್ಲಿ ಬಿಡ್ರಿ. ಈಗರೆ ಒಳಗ ಹೋಗಿ ಸಾಹೇಬ್ರಿಗೆ ಹೇಳ್ರಲ್ಲ."

"ಸಾಹೇಬ್ರು ಊಟಕ್ಕ ಎದ್ದಾರ್ರಿ."

ಈ ಕೊನೆಯ ಮಾತು ನಿಜವಾಗಿತ್ತು. ಇಡೀ ಪ್ರಕರಣದಲ್ಲಿ ನಾನು ಬರೆದದ್ದೂ ಆಡಿದ್ದೂ ಬಹುಮಟ್ಟಿಗೆ ನಿಜವೇ. ತಾರೀಖು ನಿಜ, ಸೊನ್ನೆ ನಿಜ, ಅವಳ ಒಪ್ಪಿಗೆ ನಿಜ. ನೆನಪಾಗಲಿಲ್ಲ ಎಂದದ್ದೊಂದೇ ಸುಳ್ಳು. ಉಳಿದ ನಿಜಗಳೆಲ್ಲ ಆ ಒಂದು ಸುಳ್ಳಿಗೆ ಬೇಲಿಯಾಗಿ ನಿಂತವು.

ಅನುಮತಿ ಬಂತು, ಕಟ್ಟಡವಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹುಡುಗಿಯರು ಬಂದರು. ರಾಯಬಾಗದ ಕಡೆಯಿಂದ ಒಬ್ಬಳು, ಕಾಗವಾಡದ ಕಡೆಯಿಂದ ಇಬ್ಬರು ನೆಂಟರ ಮನೆಗಳಲ್ಲಿ ಇದ್ದುಕೊಂಡು ಓದಿದರು. ಆ ವಿಶ್ರಾಂತಿಯ ಕೋಣೆಯಲ್ಲಿ ಅವರು ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುವುದನ್ನು ನೋಡಿದಾಗ ನನ್ನ ಕಣ್ಣು ತುಂಬಿದ್ದುಂಟು. ಆ ಸಂತೋಷ ಹುಸಿಯಾಗಿತ್ತೆಂದು ಇಂದು ಹೇಳಲಾರೆ. ಆದರೆ ಅವರಾರೂ ನಾನು ಅಂದಾಜಿಸಿದಂತೆ ನಡೆದು ಬರಲಿಲ್ಲ. ಹೆಣ್ಣುಮಗಳನ್ನು ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಒಬ್ಬಳನ್ನೇ ನಡೆಸಲು ಯಾವ ತಂದೆಗೂ ಮನಸ್ಸಿರಲಿಲ್ಲ. ಸ್ಕೂಟರುಗಳು ಬಂದವು. ಆಮೇಲೆ ವಡಾಪ್ ಶುರುವಾಯಿತು, ಸೀಟಿಗಿಷ್ಟು ಎಂದು ಜನರನ್ನು ತುಂಬಿಕೊಂಡು ಹೋಗುವ ಜೀಪುಗಳು. ಬೆಳಿಗ್ಗೆಯೂ ಸಂಜೆಯೂ ಅವು ಪಾಣಂದದೊಳಕ್ಕೇ ನುಗ್ಗಿ ಬಾಗಿಲ ಎದುರು ನಿಂತು ಹಾರ್ನು ಹೊಡೆಯತೊಡಗಿದವು.

ಒಂದು ಬೆಳಿಗ್ಗೆ ಜೀಪಿನ ಹಾರ್ನಿಗೆ ಕಾಕೂನ ಎತ್ತು ಬೆದರಿತು. ಚಕ್ಕಡಿಯ ಒಂದು ಗಾಲಿ ಬೇಲಿಯ ಬದಿಯ ಕಾಲುವೆಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಹುಡುಗಿಯರು ಚೀರಿದರು. ಅಪಾಯವಿದೆಯೆಂದು ಕಾಲೇಜು ಕಚೇರಿಗೆ ಪತ್ರ ಬರೆಯಿತು. ಕಚೇರಿಯವರು ಕಡತ ತೆಗೆದು ನೋಡಿದರು. ಅಲ್ಲಿ ನನ್ನ ವರದಿಯಿತ್ತು, ಈ ಹಾದಿಯಲ್ಲಿ ಚಕ್ಕಡಿ ಓಡಾಡುವುದಿಲ್ಲ ಎಂದು. ಓಡಾಡದ ಚಕ್ಕಡಿಯನ್ನು ತಡೆದರೆ ಯಾರಿಗೂ ನಷ್ಟವಿಲ್ಲವಲ್ಲ! ಒಂದು ತಿಂಗಳೊಳಗೆ ಪಾಣಂದದ ಬಾಯಲ್ಲಿ ಹಲಗೆ ನಿಂತಿತು: ಕಾಲೇಜಿನ ವೇಳೆಯಲ್ಲಿ ಚಕ್ಕಡಿಗಳಿಗೆ ಪ್ರವೇಶವಿಲ್ಲ.

ಹೊಲದ ಕೆಲಸದ ಹೊತ್ತೂ ಅದೇ ಆದ್ದರಿಂದ ಕಾಕೂ ಹಳ್ಳದ ಕಡೆಯಿಂದ ಹೋಗತೊಡಗಿದಳು. ಎರಡು ಮಳೆಗಾಲ ಹಾಗೆ ಸಾಗಿತು. ಎರಡನೆಯ ಮಳೆಗಾಲದಲ್ಲಿ ಕೆಸರಿನಲ್ಲಿ ಗಾಲಿ ಹೂತು, ಜಗ್ಗುವ ರಭಸಕ್ಕೆ ಬಲಗಡೆಯ ಎತ್ತಿನ ಮುಂಗಾಲು ಉಳುಕಿತು. ಅದು ಸರಿಹೋಗಲಿಲ್ಲ. ಜೋಡಿ ಒಡೆದ ಮೇಲೆ ಎರಡನ್ನೂ ಮಾರಿಬಿಟ್ಟಳು. ಹೊಲವನ್ನು ಆಚೆಯ ಬದಿಯ ತಮ್ಮದೇ ಹೊಲದಿಂದ ಟ್ರ್ಯಾಕ್ಟರು ತರಬಲ್ಲ ಒಬ್ಬರಿಗೆ ಪಾಲಿಗೆ ಹಾಕಿದಳು. ಮೈದುನರಿಗೂ ಬಿಡದ ಹೊಲ ಅದು. ಇದನ್ನೆಲ್ಲ ನನಗೆ ಹೇಳಿದವರು ಸಿಪಾಯಿ, ನಗೆಯಿಲ್ಲದೆ, ನನ್ನ ಮುಖ ನೋಡದೆ.

ಅದಾದ ಮೇಲಿನ ಒಂದು ಸೋಮವಾರ ನಾನು ಬೇವಿನ ಮರದ ಕೆಳಗೆ ಅವಳನ್ನು ಕಂಡೆ. ಎತ್ತುಗಳಿರಲಿಲ್ಲ. ಆ ವಾರ ಆ ಹೊತ್ತಿಗೆ ಅಲ್ಲಿ ಬಂದು ಕೂಡುವ ರೂಢಿ ಮಾತ್ರ ಉಳಿದಿತ್ತು. ನಾನು ಪಕ್ಕದಲ್ಲಿ ಕುಳಿತು, ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯಗಳನ್ನು ಒಂದೊಂದಾಗಿ ಹೇಳಿದೆ. ಮೂರನೆಯ ಸೋಮವಾರವೇ ನನಗೆ ತಿಳಿದಿತ್ತೆಂದೂ, ಮಂಗಳವಾರ ಕಿಟಕಿಯಲ್ಲಿ ನಿಂತು ಏಳು ಚಕ್ಕಡಿ ಎಣಿಸಿದ್ದೆನೆಂದೂ, ಕಚೇರಿಯ ಹೊರಗೆ ಅವಳಿಗೆ ಸುಳ್ಳು ಹೇಳಿದ್ದೆನೆಂದೂ ಒಪ್ಪಿಕೊಂಡೆ.

ಅವಳು ಹುಲ್ಲಿನ ಎಸಳೊಂದನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಇದನ್ನ ನನ್ನ ಮುಂದ ಹೇಳಿ ಏನ ಮಾಡ್ತೀರಿ ಅಕ್ಕಾರ? ನನಗ ಮೊದಲ ಗೊತ್ತೈತಿ. ಗೊತ್ತಿಲ್ದವ್ರ ಮುಂದ ಹೇಳಬೇಕಿತ್ತು."

"ಈಗ ಹೇಳ್ತೀನ್ರಿ ಕಾಕೂ. ಬರದ ಕೊಡ್ತೀನಿ. ನೀವೂ ಒಂದ ಅರ್ಜಿ ಕೊಡ್ರಿ."

"ಎತ್ತ ಇಲ್ದಾಕಿ ಚಕ್ಕಡಿ ಹಾದಿ ಕೇಳಾಕ ಹೆಂಗ ಹೋಗ್ಲಿ? ನಕ್ಕಾರು."

ನಾನು ಬರೆದುಕೊಟ್ಟೆ. ಹಳೆಯ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸಬರು ನನ್ನ ಹೇಳಿಕೆಯನ್ನು ಎರಡು ಸಲ ಓದಿ, ಮರ್ಯಾದೆಯಿಂದಲೇ ಹೇಳಿದರು: ಮರುಎಣಿಕೆ ಮಾಡಿಸಬಹುದು, ಆದರೆ ಈಗಿನ ಓಡಾಟವನ್ನೇ ಎಣಿಸಬೇಕಲ್ಲವೇ? ಕಾಕೂನಂತೆ ಉಳಿದವರೂ ಒಬ್ಬೊಬ್ಬರಾಗಿ ಆ ಹಾದಿ ಬಿಟ್ಟಿದ್ದರು. ಈಗ ಮಂಗಳವಾರ ಎಣಿಸಿದರೂ ಅಲ್ಲಿ ಚಕ್ಕಡಿ ಸಿಗುವುದಿಲ್ಲ. ಬರೆದಾಗ ಸುಳ್ಳಾಗಿದ್ದ ನನ್ನ ವರದಿ ಈಗ ಅಕ್ಷರಶಃ ನಿಜವಾಗಿದೆ.

ನನ್ನನ್ನು ಇನ್ನೂ ಕಾಡುವ ಸಂಗತಿ ಒಂದಿದೆ. ತೊಂಬತ್ತರ ದಶಕ ಮುಗಿಯುವ ಮೊದಲೇ ಕಾಲೇಜು ಅದೇ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಎತ್ತಿತು. ಪ್ರಯೋಗಶಾಲೆ ಮೇಲಕ್ಕೆ ಹೋಯಿತು. ಹುಡುಗಿ ಬೇಕೋ ಚಕ್ಕಡಿ ಬೇಕೋ ಎಂದು ನನಗೆ ನಾನೇ ವಿಷಯ ಕೊಟ್ಟುಕೊಂಡು ಚರ್ಚೆ ಗೆದ್ದೆನಲ್ಲ, ಆ ಎರಡು ಕೋಣೆಗಳನ್ನು ಮೊದಲೇ ಮೇಲೆ ಕಟ್ಟಬಹುದೇ ಎಂದು ನಾವಾರೂ ಇಂಜಿನಿಯರರನ್ನು ಒಂದು ಮಾತು ಕೇಳಲಿಲ್ಲ. ಕಾಕೂ ಕೇಳಿದ್ದು ಅಷ್ಟನ್ನೇ. ಕಾಲೇಜು ಬೇಡವೆನ್ನಲಿಲ್ಲ, ಬಾಗಿಲು ಆ ಕಡೆ ಮಾಡಿ ಎಂದಳು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲಿ ಕಾಲೇಜಿಗೋ, ಕಲ್ಯಾಣಮಂಟಪಕ್ಕೋ, ಕಾರಖಾನೆಗೋ ಅನುಮತಿ ಕೊಡುವ ಮೊದಲು ಹಾದಿಯ ಓಡಾಟ ಎಣಿಸಿದ್ದಾರೆಂದು ಕೇಳಿದರೆ, ಕಚೇರಿಗೆ ಹೋಗಿ ಆ ಎಣಿಕೆಯ ಹಾಳೆಯನ್ನು ಕೇಳಿ ನೋಡಿ. ಒಂದು ಕ್ಯಾಲೆಂಡರನ್ನು ಜೊತೆಗೆ ಒಯ್ದು, ತಾರೀಖಿನ ಪಕ್ಕದಲ್ಲಿ ವಾರವನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಆ ಹಾದಿಯಲ್ಲಿ ದಿನವೂ ನಡೆಯುವವರಿಗೆ ಆ ಹಾಳೆಯನ್ನು ಓದಿ ಹೇಳಿ. ಅವರು ಮಾತಾಡತೊಡಗಿದಾಗ ವಾಕ್ಯ ಮುಗಿಯುವವರೆಗೆ ಕೇಳಿಸಿಕೊಳ್ಳಿ, ಅವರು ಹೇಳಿದ್ದನ್ನು ಬರೆದು, ಎತ್ತುಗಳು ಇನ್ನೂ ಕೊಟ್ಟಿಗೆಯಲ್ಲಿ ಇರುವಾಗಲೇ ಕಚೇರಿಗೆ ಕೊಡಿ.